ಹೆಸರುಕಾಳಿನಷ್ಟು

ಕಡ್ಡಿ ಎಳೆದು, ಒರೆಸಿ, ಮತ್ತ ಇಳಿಸಿ ಎತ್ತಿದ್ರು ಉಸ್ತಾದ್ರು.
ಕರ್ರಗ ಇರಬೇಕಾದ ಎಣ್ಣಿ
ಬಸ್‌ಸ್ಟ್ಯಾಂಡಿನ ಚಹಾದಂಗ ಇತ್ತು,
ಆರಿದ್ದು, ಕೆನಿಗಟ್ಟಿದ್ದು.

ಮಾಣಿಕಪ್ಪ ಕ್ರೂಸರಿನ ಬಾಗಲಾ ಹಿಡಕೊಂಡೇ ನಿಂತಿದ್ದ.
ಅಫಜಲಪುರದಿಂದ ಕಲಬುರಗಿಗೆ ವಾರಕ್ಕ ಎರಡು ಸಲ
ಏಳು ಮಂದಿ ಡಯಾಲಿಸಿಸ್‌ನೋರನ್ನ ತರಾಂವ.
"ರೇಡಿಯೇಟರಿಗೆ ದಿನಾ ಒಂದು ತಂಬಗಿ ಕುಡಸ್ತೀನ್ರಿ,
ತೆಳಗ ಒಂದು ಹನಿ ಬಿದ್ದಿಲ್ಲ.
ಎಲ್ಲಿ ಹೋಗ್ತದ? ಗುರುವಾರ ಮತ್ತ ಪಾಳಿ ಅದ."

ಸ್ಟೇಷನ್ ಕಡಿ ಇಬ್ರು ಮಿಸ್ತ್ರಿಗಳು ಆಗಲೇ ಹೇಳಿದ್ರಂತ:
ಹೆಡ್ ಹೋಗ್ಯಾದ, ಬಿಚ್ಚಬೇಕು,
ಎಂಟು ದಿನ, ಇಪ್ಪತ್ತೆರಡು ಸಾವಿರ.

ಜಿಲಾನಿ ಉಸ್ತಾದ್ರಿಗೆ ಕಿವಿ ಕೇಳಸಂಗಿಲ್ಲ.
ನಲವತ್ತು ವರ್ಷ ಎಂಜಿನ್ನುಗಳು ಒದರಿ ಒದರಿ
ಅವರ ಕಿವ್ಯಾಗ ಈಗ ಸುಮ್ಮನಾಗ್ಯಾವ.
ಅಂಗೈ ಇಟ್ಟು ಕೇಳ್ತಾರ.
ಅಂಗೈಗೆ ಸಿಗಲಾರದ್ದು ಏನಾರ ಇದ್ರ ನಾ ಇದ್ದೀನಿ.

ಕಾದ ತಗಡಿನ ಮ್ಯಾಲ ಒಂದು ಹನಿ ಬಿಟ್ರು.
ಬರೇ ಎಣ್ಣಿ ಆಗಿದ್ರ ಹೊಗಿ ಬಿಟ್ಟು ಕೂಡತಿತ್ತು.
ಇದು ಚಟಚಟ ಅಂತು.
"ಸಾಸಿವಿ ಸಿಡಿದಂಗ" ಅಂತ ಬೆರಳು ಮಾಡಿ ತೋರಿಸಿದೆ.
ತಲಿ ಹಾಕಿದ್ರು. ನೀರು.

ಆದ್ರ ಹೊಗಿ ಬೆಳ್ಳಗಿಲ್ಲ.
ರೇಸ್ ಮಾಡಿದ್ರೂ ರೇಡಿಯೇಟರಿನ ಬಾಯಾಗ ಗುಳ್ಳಿ ಇಲ್ಲ.
"ಹೆಡ್ ಹೋಗಿದ್ರ ಬುಡುಬುಡು ಅನ್ನಬೇಕಿತ್ತಲ್ಲೋ ದೇವ್ಯಾ.
ಹೊಟ್ಟಿ ನೋಯ್ತದಂತ ಬಂದಾಂವನ
ತಲಿ ಯಾಕ ಕೊರೀತಾರ ಇವ್ರು?"

ಹೊತ್ತು ಮುಳುಗಿದ ಮ್ಯಾಲ ತೆಳಗಿನ ಬೋಲ್ಟು ಸಡಿಲ ಮಾಡಿದೆ.
ಮೊದಲ ಬಂದದ್ದು ಎಣ್ಣಿ ಅಲ್ಲ,
ದಾರದಂಥ ಹಸರು ನೀರು.
ಭಾರ ಇದ್ದದ್ದು ತಳಾ ಹಿಡೀತದ,
ಹಿಡದು, ಮೊದಲ ಹೊರಗ ಬೀಳ್ತದ.

ಸಂಪು ಇಳಿಸಿದೆವು.
ಹಳೇ ಮುಚ್ಚಳಕ್ಕ ಟ್ಯೂಬಿನ ವಾಲು ಬೆಸಗಿ ಹಾಕಿದ್ದು ಒಂದಿತ್ತು.
ಅದನ್ನ ರೇಡಿಯೇಟರಿಗೆ ತಿರುವಿ ಸೈಕಲ್ ಪಂಪಿಲೇ ಗಾಳಿ ಹೊಡದೆ,
ಮುಳ್ಳು ಹದಿನೈದಕ್ಕ ಬರೋತನಕ.
ನಾಕು ಸಿಲಿಂಡರಿನ ತೆಳಗ ನಾಕು ಸ್ಟೀಲ್ ತಾಟು,
ಆಯಿಲ್ ಪಂಪಿನ ಬಾಯಿ ತೆಳಗ
ಡಾಲ್ಡಾ ಡಬ್ಬಿ ಮುಚ್ಚಳ.

"ಬಿದ್ದಾಗ ನನ್ನ ಹೆಬ್ಬೆರಳು ಹಿಡಿ" ಅಂದು
ಟೈರಿನ ಮ್ಯಾಲ ಕುಂತ್ರು, ಕಾಲು ಒಳಗ ಚಾಚಿ.

ಮೇ ತಿಂಗಳು. ಶಹಾಬಾದಿ ಪರಸಿ
ಹನ್ನೊಂದಾದ್ರೂ ಬಿಸಿ ಬಿಡಲಿಲ್ಲ, ಗೋಣಿಚೀಲದಾಗಿಂದ ಬೆನ್ನಿಗೆ ಹತ್ತಿತು.
ರಿಂಗ್ ರೋಡಿನ ಮ್ಯಾಲ ಸಿಮೆಂಟ್ ಲಾರಿ ಹೋದಾಗೊಮ್ಮೆ
ತಾಟುಗಳು ತಾವೇ ಗುಂಯ್ ಅಂತಿದ್ವು.
ನಾ ಎರಡು ಸಲ ಸುಳ್ಳೇ ಬೆರಳು ಹಿಡದೆ.
ಬೈಲಿಲ್ಲ ಅವರು.

ಲೈನರಿನ ಬುಡ, ನಾಕಕ್ಕ ನಾಕೂ, ಒಣಾ.

ಆಮ್ಯಾಲ
ಟಕ್.

ತಾಟಿನ ಸದ್ದಲ್ಲ ಅದು, ತಗಡಿನದು.
ಬ್ಯಾಟರಿ ಹಚ್ಚಿದೆ.
ಪಂಪಿನ ಜಾಳಗಿ ತುದಿಗೆ ಇನ್ನೊಂದು ಜೋತಿತ್ತು,
ಹೆಸರುಕಾಳಿನಷ್ಟು, ಹೆಸರುಕಾಳಿನದೇ ಬಣ್ಣ.
ಹೆಬ್ಬೆರಳು ಹಿಡದೆ. "ಎಲ್ಲಿ?" ಅಂದ್ರು.
ಒದರಿದ್ರೂ ಅವರಿಗೆ ಏನು ಕೇಳಸ್ತದ!
ಅಂಗಾಲಿನ ಮ್ಯಾಲ ಬೆರಳಿಲೇ ಬರದೆ: ಪಂಪು.
ಕಚಗುಳಿಗೆ ಮೊದಲ ನಕ್ರು,
ತಿಳದ ಮ್ಯಾಲ ಇನ್ನೊಮ್ಮೆ.

ಆಯಿಲ್ ಕೂಲರ್ ಬಿಚ್ಚಿ ಬಕೀಟಿನ್ಯಾಗ ಮುಳುಗಿಸಿ ಗಾಳಿ ಕೊಟ್ರ
ಪಂಕ್ಚರ್ ಅಂಗಡ್ಯಾಗ ಆಗೂಹಂಗೇ ಗುಳ್ಳಿ ಎದ್ವು.
ಸೂಜಿಮೊನಿಯಂಥ ಒಂದು ತೂತು.
ಮಾಣಿಕಪ್ಪ ಅದನ್ನ ಬಾಳೊತ್ತು ನೋಡಿದ.
"ಇಷ್ಟೇ ಏನ್ರಿ?"
"ಇಷ್ಟೇ" ಅಂದ್ರು ಉಸ್ತಾದ್ರು, ತುಟಿ ನೋಡಿ ತಿಳಕೊಂಡು.

ಬುಧವಾರ ಹೊಸಾದು ಕೂಡಿಸಿ,
ಅಗ್ಗದ ಎಣ್ಣಿ ಎರಡು ಸಲ ಹಾಕಿ ಓಡಿಸಿ ಚೆಲ್ಲಿ,
ಮೂರನೇ ಸಲ ಚಲೋದು ಹಾಕಿದೆವು.
ಗುರುವಾರ ಏಳಕ್ಕ ಕ್ರೂಸರು ಹಾರ್ನ್ ಹೊಡದು ಹೋತು.
ಉಸ್ತಾದ್ರು ಟೆಂಪೋ ತೆಳಗಿದ್ರು.
ಇಬ್ರದೂ ಸೇರಿಸಿ ನಾ ಕೈ ಎತ್ತಿದೆ.

ಇಳಿಸಿದ ಆ ಎಣ್ಣಿ ಡಬ್ಬಿ ಇನ್ನೂ ಮೂಲ್ಯಾಗದ.
ಹತ್ತು ದಿನ ಆದ್ರೂ ಒಂದನ್ನೊಂದು ಬಿಟ್ಟಿಲ್ಲ.
ನಾ ದಿನಾ ಮುಚ್ಚಳ ತೆಗೀತೀನಿ.
"ಬಿಡೋ," ಅಂತಾರ ಉಸ್ತಾದ್ರು,
"ಎಷ್ಟು ನೋಡಿದ್ರೂ ಅದು ಮೊಸರಾಗಂಗಿಲ್ಲ."